ನೀವು ಕೇಳಿದಿರಿ: ಡಿಫೆನ್ಸ್ ಆಡುವ ಹುಡುಗರ ಬಗ್ಗೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಐಸ್ ಹಾಕಿಯ ಡಿಫೆನ್ಸ್ ಬಗ್ಗೆಯೇ ಇವೆ. ನನಗಂತೂ ಖುಷಿ. ಆಟಗಾರರು ಕೂರುವ ಬೆಂಚಿಗೆ ಎರಡು ಬಾಗಿಲು ಇರುತ್ತವೆ. ಒಂದು ಫಾರ್ವರ್ಡ್‌ಗಳಿಗೆ, ಇನ್ನೊಂದು ಡಿಫೆನ್ಸ್‌ನವರಿಗೆ. ಕೆನಡಾದ ಮಿಸ್ಸಿಸಾಗದ ಮಕ್ಕಳ ತಂಡಗಳಲ್ಲಿ ಆ ಎರಡನೇ ಬಾಗಿಲು ತೆಗೆದು ಹಾಕುತ್ತಾ, ಒಳಗೆ ಬರುವ ಹುಡುಗನಿಗೆ ನೀರಿನ ಬಾಟಲಿ ಕೊಟ್ಟು, ಹೊರಗೆ ಹೋಗುವವನ ಕಿವಿಯಲ್ಲಿ ಒಂದು ಮಾತು ಹಾಕುತ್ತಾ ನನ್ನ ಚಳಿಗಾಲಗಳು ಕಳೆದಿವೆ. ಹಾಗಾಗಿ ಪಕ್ಷಪಾತ ಇದ್ದೇ ಇದೆ, ಮೊದಲೇ ಹೇಳಿಬಿಡ್ತೀನಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 15 ವರ್ಷ. ಆರಡಿ ಒಂದಂಗುಲ ಎತ್ತರ, ಎಡಗೈ ಶಾಟ್, ಟ್ರಿಪಲ್ ಎ (ಮಕ್ಕಳ ಹಾಕಿಯ ಮೇಲಿನ ಹಂತ) ತಂಡದಲ್ಲಿ ಡಿಫೆನ್ಸ್. ಈ ಸೀಸನ್ ಪವರ್‌ಪ್ಲೇಯಲ್ಲೂ ಆಡಿಸುತ್ತಿದ್ದಾರೆ, ಪಾಯಿಂಟ್ಸ್ ಚೆನ್ನಾಗಿ ಬರುತ್ತಿದೆ. ಎಲ್ಲರೂ ಹುಡುಗ ಮುಂದೆ ಬರ್ತಾನೆ ಅಂತಾರೆ. ಒಬ್ಬ ಸ್ಕೌಟ್ ಮಾತ್ರ "ಪಾಯಿಂಟ್ಸ್ ಇರಲಿ, ಇನ್ನೂ ನೋಡಬೇಕು" ಅಂದು ಹೊರಟುಹೋದರು. ಅವರು ನೋಡೋದಾದರೂ ಏನನ್ನ? ಒಂಟಾರಿಯೊದ ಜೂನಿಯರ್ ಲೀಗ್ ಓಎಚ್‌ಎಲ್‌ಗೆ ಕಳಿಸೋದಾ, ಅಮೆರಿಕದ ಕಾಲೇಜಿಗೆ ಕಾಯೋದಾ?
ಒಬ್ಬ ತಂದೆ, ಮಿಲ್ಟನ್, ಒಂಟಾರಿಯೊ

ಸ್ಕೌಟ್ ಸರಿಯಾಗೇ ಹೇಳಿದ್ದಾರೆ. ಪವರ್‌ಪ್ಲೇ ಅಂದರೆ ನಿಮ್ಮವರು ಐದು ಜನ, ಎದುರಿನವರು ನಾಲ್ಕು. ಪಕ್ (ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆ) ಸಿಕ್ಕಾಗ ತಲೆ ಎತ್ತಿ ನೋಡೋಕೆ ಸಮಯ ಇರುತ್ತೆ. ಸ್ವಲ್ಪ ಕೈ ಚಳಕ ಇರುವ ಯಾವ ಹುಡುಗನಾದರೂ ಅಲ್ಲಿ ಪಾಯಿಂಟ್ಸ್, ಅಂದರೆ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್‌ಗಳ ಲೆಕ್ಕ, ಗಳಿಸಬಹುದು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡವೊಂದು ಪಂದ್ಯಕ್ಕೆ ಸಾಮಾನ್ಯವಾಗಿ ಆರು ಡಿಫೆನ್ಸ್‌ನವರನ್ನು ಇಳಿಸುತ್ತೆ. ಪವರ್‌ಪ್ಲೇಗೆ ಹೋಗೋದು ಅದರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಉಳಿದ ನಾಲ್ವರು ಬೇರೆ ಕೆಲಸಕ್ಕೆ ಸಂಬಳ ತಗೊಳ್ತಾರೆ. ಸ್ಕೌಟ್ ನಿಮ್ಮ ಮಗನಲ್ಲಿ ಹುಡುಕ್ತಿರೋದು ಆ ಬೇರೆ ಕೆಲಸವನ್ನೇ.

ಮುಂದಿನ ಪಂದ್ಯದಲ್ಲಿ ಪಕ್ ಹಿಂದೆ ಕಣ್ಣು ಓಡಿಸಬೇಡಿ. ಮಗನನ್ನೇ ನೋಡಿ. ಎದುರಾಳಿ ಮಧ್ಯದ ಕೆಂಪು ಗೆರೆ ದಾಟಿ ಪಕ್ಕನ್ನು ನಿಮ್ಮ ಮೂಲೆಗೆ ಎಸೀತಾನೆ. ನಿಮ್ಮ ಮಗ ತಿರುಗಿ ಅದರ ಹಿಂದೆ ಹೋಗಬೇಕು. ಬೆನ್ನ ಹಿಂದೆ ಪಕ್ ಕಿತ್ತುಕೊಳ್ಳೋಕೆ ಒಬ್ಬ ಎದುರಾಳಿ (ಫೋರ್‌ಚೆಕರ್) ನುಗ್ಗಿ ಬರ್ತಿದ್ದಾನೆ. ಎರಡು ಮೂರು ಸೆಕೆಂಡಿನ ಆಟ ಇದು. ಈಗ ಅವನ ಹೆಲ್ಮೆಟ್ ನೋಡಿ. ತಿರುಗಿದ ಕೂಡಲೇ ಒಂದು ಸಲ ಭುಜದ ಮೇಲಿಂದ ಹಿಂದೆ ನೋಡಿದನಾ? ಪಕ್ ಮುಟ್ಟುವ ಮುಂಚೆ ಇನ್ನೊಂದು ಸಲ ನೋಡಿದನಾ? ನೋಡಿದ್ದರೆ, ಬರ್ತಿರುವವನು ಯಾವ ಭುಜದ ಕಡೆ ಇದ್ದಾನೆ ಅಂತ ಗೊತ್ತಿರುತ್ತೆ. ಆಗ ಎಡಕ್ಕೆ ಹೋಗುವ ಹಾಗೆ ಭುಜ ಬಗ್ಗಿಸಿ ಬಲಕ್ಕೆ ಜಾರಬಹುದು. ಕಾಲು ನಿಲ್ಲಿಸದೆ ಗೋಲಿನ ಹಿಂದಿನಿಂದ ಸುತ್ತಿ ಬರಬಹುದು. ಇಲ್ಲಾ ಬಂದ ದಾರಿಗೇ ಪಕ್ಕನ್ನು ಹಿಂದಕ್ಕೆ ಬಿಟ್ಟು ಜೊತೆಗಾರನಿಗೆ ಕೊಡಬಹುದು. ನೋಡದೆ ಹೋದವನಿಗೆ ಒಂದೇ ದಾರಿ: ರಿಂಕ್ ಸುತ್ತಲಿನ ಗ್ಲಾಸಿಗೆ ಬಡಿದು ಹೊರಗೆ ಹಾಕೋದು.

ಗ್ಲಾಸಿಗೆ ಬಡಿದರೆ ಗ್ಯಾಲರಿಯಲ್ಲಿ ಅಪ್ಪಂದಿರು ಚಪ್ಪಾಳೆ ತಟ್ಟುತ್ತಾರೆ. ಅಪಾಯ ತಪ್ಪಿತಲ್ಲ! ಕೋಚ್‌ಗೂ ನೆಮ್ಮದಿ. ಆದರೆ ಪಕ್ ಹೋಗಿದ್ದು ಎದುರಾಳಿಗೆ. ಹತ್ತು ಸೆಕೆಂಡಲ್ಲಿ ವಾಪಸ್ ಬರುತ್ತೆ. 15ನೇ ವಯಸ್ಸಿನಲ್ಲಿ ಗ್ಲಾಸನ್ನೇ ನಂಬಿಕೊಂಡ ಹುಡುಗ 19ಕ್ಕೆ ಅಲ್ಲೇ ನಿಂತಿರ್ತಾನೆ. ನನ್ನ ಬಾಗಿಲಿನಿಂದ ಕಂಡದ್ದು ಇದು. ಜೊತೆಗಾರನಿಗೆ ಪಾಸ್ ಕೊಡೋ ಪ್ರಯತ್ನ ಮಾಡಿ ಪಕ್ ಕಳಕೊಂಡವನ ಮೇಲೆ ರೇಗಬಾರದು. ಯಾವ ತಂಡ ಅವನಿಗೆ ಆ ತಪ್ಪು ಮಾಡೋಕೆ ಬಿಡುತ್ತೋ, ಅವನು ಬೆಳೆಯೋದು ಅಲ್ಲೇ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಜೊತೆಗಾರ ಏನು ಕೂಗ್ತಾನೆ ಅನ್ನೋದನ್ನೂ ಕೇಳಿಸಿಕೊಳ್ಳಿ. "ಟೈಮ್" ಅಂದರೆ ಯಾರೂ ಹತ್ತಿರ ಇಲ್ಲ. "ವೀಲ್" ಅಂದರೆ ಗೋಲಿನ ಸುತ್ತ ಓಡು. "ರಿವರ್ಸ್" ಅಂದರೆ ಹಿಂದಕ್ಕೆ ಬಿಡು. "ಮ್ಯಾನ್ ಆನ್" ಅಂದರೆ ಬೆನ್ನ ಮೇಲೇ ಬಂದ. ಮೌನವಾಗಿ ಆಡುವ ಜೋಡಿ ಕಂಡರೆ ನನಗೆ ಭಯ. ಮನೆಯಲ್ಲಿ ಮಾತೇ ಆಡದ ಹುಡುಗರೂ ರಿಂಕ್‌ನಲ್ಲಿ ಗಂಟಲು ಬಿಚ್ಚಲೇಬೇಕು.

ಎರಡನೆಯದು ಗ್ಯಾಪ್. ಪಕ್ ಹಿಡಿದು ಬರುವವನಿಗೂ ಹಿಮ್ಮುಖ ಜಾರುವ ನಿಮ್ಮ ಮಗನಿಗೂ ನಡುವೆ ಎಷ್ಟು ಅಂತರ ಇದೆ? ನಿಮ್ಮ ಬ್ಲೂ ಲೈನ್ (ನಿಮ್ಮ ಗೋಲಿನ ಭಾಗ ಶುರುವಾಗುವ ನೀಲಿ ಗೆರೆ) ಹತ್ತಿರ ಬರುವಷ್ಟರಲ್ಲಿ ಅದು ಒಂದು, ಒಂದೂವರೆ ಸ್ಟಿಕ್ ಉದ್ದಕ್ಕೆ ಇಳಿದಿರಬೇಕು. ಅವನು ಹಿಂದೆ ಸರೀತಾ ಸರೀತಾ ಗೋಲಿಯ (ಗೋಲ್‌ಕೀಪರ್) ಮಡಿಲಿಗೇ ಹೋಗಿ ಬೀಳ್ತಿದ್ದರೆ ಕಾಲಿನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ. ಅದಕ್ಕೆ ಜಿಮ್ ಮದ್ದಲ್ಲ. ಹಿಮ್ಮುಖ ಕ್ರಾಸ್‌ಓವರ್, ಹಿಂದಿನಿಂದ ಮುಂದಕ್ಕೆ ತಿರುಗೋದು, ಎರಡೂ ಕಡೆ ಒಂದೇ ಸಲೀಸಾಗಿ. ಹೆಚ್ಚಿನ ಹುಡುಗರು ಒಂದು ಕಡೆ ಚೆನ್ನಾಗಿ ತಿರುಗ್ತಾರೆ, ಇನ್ನೊಂದು ಕಡೆ ತಡವರಿಸ್ತಾರೆ. ಎದುರಾಳಿಗಳ ಕೋಚ್‌ಗೆ ಅದು ಗೊತ್ತಾಗೋಕೆ ಒಂದು ಪೀರಿಯಡ್ ಸಾಕು.

ಹುಡುಗ ಜೋರಾಗಿ ಹೊಡೀಬೇಕು ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ನಿರಿ. ಹೊಡೆಯೋಕೆ ಅಂತ ಜಾಗ ಬಿಟ್ಟು ಹೋದ ಡಿಫೆನ್ಸ್‌ನವನು ಹಿಂದೆ ಒಂದು ಹೆದ್ದಾರಿಯನ್ನೇ ತೆರೆದುಬಿಡ್ತಾನೆ. ಎದುರಾಳಿಯನ್ನು ಕೋನ ಹಿಡಿದು ರಿಂಕ್ ಸುತ್ತಲಿನ ಬೋರ್ಡ್ ಕಡೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಒತ್ತಿ ಹಿಡಿದು ಪಕ್ ಕಿತ್ತುಕೊಂಡರೆ ಸಾಕು.

ಇನ್ನು ದಾರಿ ಯಾವುದು ಅಂತ. ಮೊದಲು ಇದು ತಲೆನೋವಿನ ಪ್ರಶ್ನೆ ಆಗಿತ್ತು. ಓಎಚ್‌ಎಲ್‌ನಂಥ ಮೇಜರ್ ಜೂನಿಯರ್ ಲೀಗ್‌ನಲ್ಲಿ ಆಡಿದರೆ ಅಮೆರಿಕದ ಎನ್‌ಸಿಎಎ ಕಾಲೇಜು ಹಾಕಿಯ ಬಾಗಿಲು ಮುಚ್ಚಿದಂತೆಯೇ. 2024ರ ನವೆಂಬರ್‌ನಲ್ಲಿ ಆ ನಿಯಮ ರದ್ದಾಯ್ತು. 2025ರ ಆಗಸ್ಟ್‌ನಿಂದ ಜೂನಿಯರ್ ಆಡಿದವರೂ ಕಾಲೇಜಿಗೆ ಹೋಗಬಹುದು. ಹಾಗಾಗಿ ಇದಾ ಅದಾ ಅಂತ 15ಕ್ಕೇ ನಿದ್ದೆಗೆಡುವ ಅಗತ್ಯ ಇಲ್ಲ.

ನೀವು ಕೇಳಬೇಕಾದದ್ದು ಬೇರೆ. ಕರೆಯುವ ತಂಡದಲ್ಲಿ ಎಡಗೈ ಡಿಫೆನ್ಸ್‌ನವರು ಈಗಾಗಲೇ ಎಷ್ಟು ಜನ ಇದ್ದಾರೆ? ಅವರಲ್ಲಿ 19, 20ರವರು ಎಷ್ಟು? ಡಿಫೆನ್ಸ್‌ಗೆ ಅಂತಲೇ ಒಬ್ಬ ಕೋಚ್ ಇದ್ದಾರಾ, ಅವರು ಪಂದ್ಯದ ಮಾರನೇ ದಿನ ಹುಡುಗರನ್ನು ಕೂರಿಸಿಕೊಂಡು ವಿಡಿಯೊ ತೋರಿಸ್ತಾರಾ? ನಿಮ್ಮ ಮಗ ಏಳನೇ ಡಿಫೆನ್ಸ್ ಆಗಿ ಸೂಟು ಹಾಕಿಕೊಂಡು ಗ್ಯಾಲರಿಯಲ್ಲಿ ಕೂತರೆ ಆ ಜಾಕೆಟ್ ಮೇಲಿನ ಲಾಂಛನದಿಂದ ಏನೂ ಬರಲ್ಲ. ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ ದಿನಾ ಇಪ್ಪತ್ತು ನಿಮಿಷ ಐಸ್ ಮೇಲೆ ಇರೋದು ಅದಕ್ಕಿಂತ ಎಷ್ಟೋ ಮೇಲು.

ಕೇಲ್ ಮಕಾರ್‌ನ ನೋಡಿ. ಕ್ಯಾಲ್ಗರಿಯ ಹುಡುಗ. ಮೇಜರ್ ಜೂನಿಯರ್‌ಗೆ ಹೋಗದೆ ಆಲ್ಬರ್ಟಾದ ಬ್ರೂಕ್ಸ್ ಅನ್ನೋ ಸಣ್ಣ ಊರಿನ ತಂಡಕ್ಕೆ ಆಡಿದ. 2017ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಕೊಲರಾಡೊ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಆಮೇಲೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿದ. 2019ರಲ್ಲಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಬಂತು. ಅದಾದ ಕೆಲವೇ ದಿನಕ್ಕೆ ನೇರವಾಗಿ ಎನ್‌ಎಚ್‌ಎಲ್ ಪ್ಲೇಆಫ್‌ಗೆ ಇಳಿದು, ಮೊದಲ ಪಂದ್ಯದಲ್ಲೇ, ಅದೂ ತನ್ನೂರಿನ ಕ್ಯಾಲ್ಗರಿ ತಂಡದ ಮೇಲೇ ಗೋಲು ಹೊಡೆದ. 2022ರಲ್ಲಿ ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್, ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್, ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಮೂರೂ ಒಂದೇ ವರ್ಷ. ಎಲ್ಲರೂ ಮಕಾರ್ ಆಗಲ್ಲ, ಗೊತ್ತು. ಆದರೆ ಸಣ್ಣ ಲೀಗ್‌ಗೆ ಹೋದರೆ ಸ್ಕೌಟ್‌ಗಳ ಕಣ್ಣಿಗೆ ಬೀಳಲ್ಲ ಅನ್ನೋ ಹೆದರಿಕೆಗೆ ಇಷ್ಟು ಸಾಕು.

ಒಂದು ಸಣ್ಣ ಸಲಹೆ. ಎಡಗೈ ಶಾಟ್‌ನ ಡಿಫೆನ್ಸ್ ಹುಡುಗರು ಜಾಸ್ತಿ, ಬಲಗೈನವರು ಕಮ್ಮಿ. ಮಗ ಅಭ್ಯಾಸದಲ್ಲಿ ಆಗಾಗ ಬಲಗಡೆ ಆಡಲಿ. ಬೋರ್ಡ್ ಪಕ್ಕದ ಪಕ್ಕನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ತಡೆಯೋದು ಮೊದಮೊದಲು ಕಷ್ಟ. ಎರಡೂ ಕಡೆ ಆಡಬಲ್ಲ ಹುಡುಗನಿಗೆ ಯಾವ ತಂಡದಲ್ಲಾದರೂ ಜಾಗ ಸಿಗುತ್ತೆ.

ಪ್ರಶ್ನೆ: ನಾನು ಕೊಡವ ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ ತಂಡಕ್ಕೆ ಫುಲ್‌ಬ್ಯಾಕ್ ಆಗಿ ಆಡಿದವನು. ಐಸ್ ಹಾಕಿಯ ಡಿಫೆನ್ಸ್ ಅಂದರೂ ಅದೇ ಅಲ್ವಾ?
ವಿರಾಜಪೇಟೆಯ ಓದುಗರು

ಹೆಸರು ಒಂದೇ, ಕೆಲಸದಲ್ಲಿ ಅರ್ಧ ಒಂದೇ. 1997ರಲ್ಲಿ ಕರಡದಲ್ಲಿ ಶುರುವಾದ ನಿಮ್ಮ ಹಬ್ಬದ ಬಗ್ಗೆ ಇಲ್ಲಿನವರಿಗೆ ಹೇಳಿದರೆ, ಅಷ್ಟೊಂದು ಮನೆತನಗಳು ಒಂದೊಂದು ತಂಡ ಕಟ್ಟಿಕೊಂಡು ಬರ್ತವೆ ಅನ್ನೋದನ್ನ ನಂಬೋದೇ ಇಲ್ಲ.

ನಿಮ್ಮ ಆಟದಲ್ಲಿ ಚೆಂಡು ಗೆರೆ ದಾಟಿದರೆ ಹೊರಗೆ ಹೋಯ್ತು, ಉಸಿರು ಬಿಡಬಹುದು. ಇಲ್ಲಿ ಸುತ್ತಲೂ ಬೋರ್ಡ್. ಪಕ್ ಬಡಿದು ವಾಪಸ್ ಬರುತ್ತೆ. ಗೋಲಿನ ಹಿಂದೆಯೂ ಆಡುವ ಜಾಗ ಇದೆ, ಅಲ್ಲಿಂದಲೂ ದಾಳಿ ಬರುತ್ತೆ. ಹಾಗಾಗಿ ನಿಮ್ಮ ಹಿಂದೆ ಏನಾಗ್ತಿದೆ ಅಂತಲೂ ಗೊತ್ತಿರಬೇಕು, ಮುಂದೆ ಗೋಲಿಯ ಕಣ್ಣಿಗೆ ಅಡ್ಡ ನಿಂತವನನ್ನೂ ಸರಿಸಬೇಕು. ಇನ್ನೊಂದು, ಪೂರ್ತಿ ಪಂದ್ಯ ಮೈದಾನದಲ್ಲಿ ಇರೋ ಹಾಗಿಲ್ಲ. ನಲವತ್ತು, ಐವತ್ತು ಸೆಕೆಂಡ್ ಮೈ ಮುರಿದು ಆಡಿ ಬೆಂಚಿಗೆ ಬರಬೇಕು, ಆಟ ನಡೀತಿರುವಾಗಲೇ ಇನ್ನೊಬ್ಬ ಹೋಗಬೇಕು. ಎನ್‌ಎಚ್‌ಎಲ್‌ನ ಮೊದಲ ಜೋಡಿಯವರು ಹೀಗೆ ಬಂದು ಹೋಗಿ 60 ನಿಮಿಷದ ಪಂದ್ಯದಲ್ಲಿ 24, 25 ನಿಮಿಷ ಆಡ್ತಾರೆ.

ನಿಮ್ಮ ಜಿಲ್ಲೆಯ ವಿ.ಆರ್. ರಘುನಾಥ್ ಹಿಂದೆ ನಿಂತು ಕಾಯುತ್ತಿದ್ದವರೇ, ಪೆನಾಲ್ಟಿ ಕಾರ್ನರ್ ಸಿಕ್ಕಾಗ ಡ್ರ್ಯಾಗ್ ಫ್ಲಿಕ್‌ಗೆ ಮುಂದೆ ಬರುತ್ತಿದ್ದರಲ್ಲ. ಇಲ್ಲಿ ಬ್ಲೂ ಲೈನ್ ಮೇಲಿಂದ ಶಾಟ್ ಹೊಡೆಯುವ ಡಿಫೆನ್ಸ್‌ಮನ್ ಮಾಡೋದೂ ಹತ್ತಿರ ಹತ್ತಿರ ಅದೇ. ವ್ಯತ್ಯಾಸ ಏನಂದರೆ, ಇವನ ಶಾಟ್ ಎದುರಾಳಿಯ ಕಾಲಿಗೆ ಬಡಿದರೆ ಆ ಎದುರಾಳಿ ಪಕ್ ಎತ್ತಿಕೊಂಡು ಒಂಟಿಯಾಗಿ ನಿಮ್ಮ ಗೋಲಿನ ಕಡೆ ಓಡ್ತಾನೆ. ಅದಕ್ಕೇ ಜೋರಾಗಿ ಹೊಡೆಯೋದಕ್ಕಿಂತ, ಗೆರೆ ಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಸಂದಿ ಹುಡುಕಿ ಒಳಗೆ ತಲುಪಿಸೋದನ್ನ ಕಲಿಸ್ತೀವಿ.

ಪ್ರಶ್ನೆ: ಬೆಳಗಿನ ಜಾವ ಐದೂವರೆಗೆ ಎದ್ದು ಎನ್‌ಎಚ್‌ಎಲ್ ನೋಡುವ ಬೆಂಗಳೂರಿನ ಕಾಲೇಜು ವಿದ್ಯಾರ್ಥಿ ನಾನು. ಮೊದಲ ಸುತ್ತಿನಲ್ಲೇ ಆರಿಸಿದ ಡಿಫೆನ್ಸ್‌ನವರನ್ನು ತಂಡಗಳು ಮತ್ತೆ ಜೂನಿಯರ್‌ಗೋ, ಯುರೋಪ್‌ಗೋ ಯಾಕೆ ಕಳಿಸ್ತವೆ? ಅದೇ ವರ್ಷ ಆಯ್ಕೆಯಾದ ಫಾರ್ವರ್ಡ್‌ಗಳು ಆಗಲೇ ಗೋಲು ಹೊಡೀತಿರ್ತಾರೆ.

ಫಾರ್ವರ್ಡ್ ತಪ್ಪು ಮಾಡಿದರೆ ಅವನ ಹಿಂದೆ ಸರಿಪಡಿಸೋಕೆ ಜನ ಇರ್ತಾರೆ. ಡಿಫೆನ್ಸ್‌ನವನು ತಪ್ಪು ಮಾಡಿದರೆ ಹಿಂದೆ ಇರೋದು ಗೋಲಿ ಒಬ್ಬನೇ. 18ರ ಹುಡುಗ 28ರ ಗಟ್ಟಿ ಆಳನ್ನು ಗೋಲಿನ ಮುಂದಿನಿಂದ ಸರಿಸಬೇಕು. ಮೈ ಇನ್ನೂ ಬಲಿತಿರಲ್ಲ. ಅದಕ್ಕಿಂತ ಮುಖ್ಯ, ಓದುವ ವೇಗ. ಇವನು ಪಾಸ್ ಮಾಡ್ತಾನಾ, ಒಳಗೆ ನುಗ್ತಾನಾ ಅಂತ ಮೊದಲೇ ಊಹಿಸೋದು ನೂರಾರು ಪಂದ್ಯ ಆಡಿದ ಮೇಲೆ ಬರುವಂಥದ್ದು.

ಒಪ್ಪಂದದ ಲೆಕ್ಕವೂ ಇದೆ. 18, 19ರ ಹುಡುಗ ಮೊದಲ ಒಪ್ಪಂದಕ್ಕೆ ಸಹಿ ಹಾಕಿ ಆ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನ ಹತ್ತು ಪಂದ್ಯ ಆಡದಿದ್ದರೆ, ಒಪ್ಪಂದದ ಒಂದು ವರ್ಷ ಖರ್ಚಾಗಲ್ಲ, ಮುಂದಕ್ಕೆ ಹೋಗುತ್ತೆ. ಅದಕ್ಕೇ ಒಂಬತ್ತು ಪಂದ್ಯ ಆಡಿಸಿ ವಾಪಸ್ ಕಳಿಸೋದನ್ನ ನೀವು ನೋಡಿರ್ತೀರಿ. ಕೆನಡಾದ ಮೇಜರ್ ಜೂನಿಯರ್‌ನಿಂದ ಬಂದ ಹುಡುಗರಿಗೆ ಇನ್ನೊಂದು ಕಟ್ಟು ಇತ್ತು. 20 ಆಗುವವರೆಗೆ ಅವರನ್ನು ಒಂದು ಮೆಟ್ಟಿಲು ಕೆಳಗಿನ ವೃತ್ತಿಪರ ಲೀಗ್ ಎಎಚ್‌ಎಲ್‌ಗೆ ಕಳಿಸುವ ಹಾಗಿಲ್ಲ ಅನ್ನೋ ನಿಯಮ ಬಹಳ ಕಾಲ ಇತ್ತು, ಈಗ 19ರವರಿಗೆ ಅದು ಸಡಿಲವಾಗ್ತಿದೆ. ಅಂದರೆ ಆಗ ಒಂದೋ ಎನ್‌ಎಚ್‌ಎಲ್, ಇಲ್ಲಾ ಮತ್ತೆ ಜೂನಿಯರ್. ನಡುವಿನ ಮೆಟ್ಟಿಲೇ ಇರಲಿಲ್ಲ. ಜೂನಿಯರ್ ಸುಲಭ ಆಗಿಬಿಟ್ಟ, ಎನ್‌ಎಚ್‌ಎಲ್‌ಗೆ ಇನ್ನೂ ತಯಾರಾಗದ 19ರ ಹುಡುಗರು ಎಷ್ಟೋ ಜನ ಈ ಸಂದಿಯಲ್ಲಿ ಸಿಕ್ಕಿಕೊಂಡಿದ್ದಾರೆ. ನನಗೆ ಈ ನಿಯಮ ಯಾವತ್ತೂ ಹಿಡಿಸಿಲ್ಲ.

ಯುರೋಪಿನವರಿಗೆ ಆ ಕಟ್ಟು ಇರಲಿಲ್ಲ. ಅದರ ಲಾಭ ಮೊರಿಟ್ಜ್ ಸೈಡರ್‌ಗೆ ಸಿಕ್ಕಿತು. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಆಡುತ್ತಿದ್ದ ಹುಡುಗ. 2019ರಲ್ಲಿ ಡೆಟ್ರಾಯ್ಟ್ ಆರನೆಯವನಾಗಿ ಕರೆದಾಗ ಅವನೇ ಬಾಯಿ ಬಿಟ್ಟುಕೊಂಡು ನೋಡಿದ್ದು ಟಿವಿಯಲ್ಲಿ ಬಂತು. ತಂಡ ಅವಸರ ಮಾಡಲಿಲ್ಲ. ಒಂದು ವರ್ಷ ಎಎಚ್‌ಎಲ್‌ನ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ, ಇನ್ನೊಂದು ವರ್ಷ ಸ್ವೀಡನ್‌ನ ರೋಗ್ಲೆ ತಂಡದಲ್ಲಿ ಆಡಿಸಿದರು. ಎರಡೂ ಕಡೆ ದೊಡ್ಡವರ ಜೊತೆ ಆಟ. ಎನ್‌ಎಚ್‌ಎಲ್‌ಗೆ ಬಂದ ಮೊದಲ ಸೀಸನ್‌ನಲ್ಲೇ 50 ಪಾಯಿಂಟ್ಸ್, 2022ರಲ್ಲಿ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಪ್ರಶಸ್ತಿ.

ಹಳೇ ಕಥೆ ಬೇಕಾದರೆ ಅದೇ ಡೆಟ್ರಾಯ್ಟ್‌ನ ನಿಕ್ಲಾಸ್ ಲಿಡ್‌ಸ್ಟ್ರೋಮ್. 1989ರಲ್ಲಿ 53ನೆಯವನಾಗಿ ಆಯ್ಕೆ. ಇನ್ನೂ ಎರಡು ಸೀಸನ್ ಸ್ವೀಡನ್‌ನಲ್ಲೇ ಬಿಟ್ಟು 1991ರಲ್ಲಿ ಕರೆಸಿಕೊಂಡರು. ಮೊದಲ ನಾರಿಸ್ ಬಂದದ್ದು 2001ರಲ್ಲಿ, ವಯಸ್ಸು 31. ಆಮೇಲೆ ಅದು ಏಳಕ್ಕೆ ಮುಟ್ಟಿತು, ಕೊನೆಯದು 41ನೇ ವಯಸ್ಸಿನಲ್ಲಿ. ಟೊರೊಂಟೊದಲ್ಲಿ ಹುಟ್ಟಿದ ಮಾರ್ಕ್ ಜಿಯೊರ್ಡಾನೊನನ್ನಂತೂ ಡ್ರಾಫ್ಟ್‌ನಲ್ಲಿ ಯಾರೂ ಕೇಳಲೇ ಇಲ್ಲ. ನಡುವೆ ಒಂದು ಸೀಸನ್ ಮಾಸ್ಕೋಗೆ ಹೋಗಿ ಆಡಿ ಬಂದ. 2019ರಲ್ಲಿ ನಾರಿಸ್ ಗೆದ್ದಾಗ 35.

ಬೇಗ ಮಾಗುವವರೂ ಇದ್ದಾರೆ. ಆರನ್ ಎಕ್‌ಬ್ಲಾಡ್‌ಗೆ 2011ರಲ್ಲಿ, 15ನೇ ವಯಸ್ಸಿನಲ್ಲೇ ಓಎಚ್‌ಎಲ್‌ನಲ್ಲಿ ಆಡಲು ವಿಶೇಷ ಅನುಮತಿ ಸಿಕ್ಕಿತ್ತು. ಆ ಅನುಮತಿ ಪಡೆದ ಮೊದಲ ಡಿಫೆನ್ಸ್‌ನವನು ಅವನೇ. 2014ರ ಡ್ರಾಫ್ಟ್‌ನಲ್ಲಿ ಮೊದಲನೆಯವನು, ನೇರ ಎನ್‌ಎಚ್‌ಎಲ್‌ಗೆ, ಮೊದಲ ವರ್ಷವೇ ಕಾಲ್ಡರ್. ಆದರೆ ಫ್ಲೋರಿಡಾ ತಂಡ ಅವನ ಪಕ್ಕದಲ್ಲಿ ಆಡಿಸಿದ್ದು ಪಳಗಿದ ಬ್ರಯಾನ್ ಕ್ಯಾಂಬೆಲ್‌ನನ್ನು. ಇದನ್ನು ಯಾರೂ ಹೇಳಲ್ಲ. ಅದೇ ಅನುಮತಿ 2013ರಲ್ಲಿ ಇನ್ನೊಬ್ಬ ಡಿಫೆನ್ಸ್ ಹುಡುಗ ಶಾನ್ ಡೇಗೂ ಸಿಕ್ಕಿತು. ಡ್ರಾಫ್ಟ್ ಬರುವಷ್ಟರಲ್ಲಿ ಅವನು ಮೂರನೇ ಸುತ್ತಿಗೆ, 81ಕ್ಕೆ ಇಳಿದಿದ್ದ. 15ಕ್ಕೆ ಬೀಳುವ ಮುದ್ರೆ ಇಬ್ಬರಿಗೂ ಒಂದೇ.

ನೀವು ಪಂದ್ಯ ನೋಡುವಾಗ ಒಂದು ಗಮನಿಸಿ. ಆಟ ನಿಂತಾಗ ಕೊನೆಗೆ ಆಟಗಾರರನ್ನು ಬದಲಿಸುವ ಹಕ್ಕು ತವರಿನ ತಂಡದ್ದು. ಒಳ್ಳೆಯ ಕೋಚ್ ಹೊಸ ಡಿಫೆನ್ಸ್ ಹುಡುಗನನ್ನು ಎದುರಾಳಿಯ ಮೊದಲ ಲೈನ್ ಎದುರು ಬಿಡೋದಿಲ್ಲ. ಹೊರಗಿನ ಪಂದ್ಯದಲ್ಲಿ ಆ ಹಕ್ಕು ಇಲ್ಲದಾಗ ಹುಡುಗನ ನಿಮಿಷಗಳು ಕಮ್ಮಿ ಆಗ್ತವೆ. ಅವನು ಚೆನ್ನಾಗಿ ಆಡಲಿಲ್ಲ ಅಂತಲ್ಲ.

ಪ್ರಶ್ನೆ: ಅಕ್ಕಾ, ಮಗನಿಗೆ 12. ನವೆಂಬರ್‌ನಲ್ಲಿ ಹುಟ್ಟಿದವನು, ತಂಡದಲ್ಲೇ ಚಿಕ್ಕವನು. ಹಿಮ್ಮುಖ ಚೆನ್ನಾಗಿ ಜಾರ್ತಾನೆ ಅಂತ ಡಿಫೆನ್ಸ್‌ಗೆ ಹಾಕಿದ್ದಾರೆ. ಮುಂದಿನ ವರ್ಷ ಬಾಡಿ ಚೆಕಿಂಗ್ (ಮೈಯಿಂದ ಗುದ್ದಿ ತಡೆಯೋದು) ಶುರುವಂತೆ. ನನಗೆ ಈಗಲೇ ಎದೆ ಹೊಡ್ಕೊಳ್ತಿದೆ.
ಎಡಿಸನ್, ನ್ಯೂಜೆರ್ಸಿ

ನಿಮ್ಮ ಭಯಕ್ಕೆ ಅರ್ಥ ಇದೆ ತಂಗಿ. ಮೊದಲು 11, 12ರ ಮಕ್ಕಳಿಗೇ ಚೆಕಿಂಗ್ ಇತ್ತು. ಚೆಕಿಂಗ್ ಇದ್ದ ಆಲ್ಬರ್ಟಾದ ಮಕ್ಕಳನ್ನೂ ಇಲ್ಲದ ಕ್ವಿಬೆಕ್‌ನ ಮಕ್ಕಳನ್ನೂ ಹೋಲಿಸಿ 2010ರಲ್ಲಿ ಬಂದ ಅಧ್ಯಯನದಲ್ಲಿ ಆಲ್ಬರ್ಟಾದಲ್ಲಿ ಗಾಯದ ಅಪಾಯ ಮೂರು ಪಟ್ಟಿಗೂ ಜಾಸ್ತಿ ಅಂತ ಕಂಡಿತು. ಮಾರನೇ ವರ್ಷ ಅಮೆರಿಕ, 2013ರಲ್ಲಿ ಕೆನಡಾ ಅದನ್ನು ಮೇಲಿನ ವಯಸ್ಸಿಗೆ ತಳ್ಳಿದವು.

ಈ ಒಂದು ವರ್ಷ ಮಗನಿಗೆ ಹೊಡೆತ ತಿನ್ನೋದನ್ನ ಕಲಿಸಿ. ಬೋರ್ಡ್‌ನಿಂದ ಒಂದು ಮೊಳ ದೂರ ನಿಂತು ಬೆನ್ನು ಕೊಡೋದು ತೀರಾ ಅಪಾಯ. ಒಂದೋ ಬೋರ್ಡ್‌ಗೆ ಅಂಟಿಕೊಂಡಿರಬೇಕು, ಇಲ್ಲಾ ಪೂರ್ತಿ ದೂರ. ಮಂಡಿ ಬಗ್ಗಿರಬೇಕು, ತಲೆ ಮೇಲೆ ಇರಬೇಕು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಆ ದಿನ ಆಟ ಮುಗೀತು, ಡಾಕ್ಟರ್ ಹೇಳುವವರೆಗೆ ರಿಂಕ್ ಕಡೆ ಹೋಗೋದು ಬೇಡ. ಕೋಚ್ ಏನೇ ಅನ್ನಲಿ.

ಚಿಕ್ಕವನು ಅನ್ನೋದು ಈಗ ಅಷ್ಟು ದೊಡ್ಡ ಸಮಸ್ಯೆ ಅಲ್ಲ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಆಯ್ಕೆಗಳಲ್ಲಿ ಜಾಸ್ತಿ ಕಾಣ್ತಾರೆ, ಯಾಕಂದರೆ ಅವರು ಹತ್ತು ತಿಂಗಳು ದೊಡ್ಡವರು, ಅಷ್ಟೇ. ಕ್ವಿನ್ ಹ್ಯೂಸ್ ಐದಡಿ ಹತ್ತಂಗುಲ, 2024ರ ನಾರಿಸ್ ಅವನದು. ಲೇನ್ ಹಟ್ಸನ್ ಇನ್ನೂ ಚಿಕ್ಕ ಆಳು. 2022ರ ಡ್ರಾಫ್ಟ್‌ಗೆ ಮುಂಚೆ, ಇನ್ನೂ ಬೆಳೆಯುವ ಸಾಧ್ಯತೆ ಇದೆ ಅಂತ ಡಾಕ್ಟರ ಚೀಟಿಯನ್ನೇ ತಂಡಗಳಿಗೆ ತೋರಿಸಿದ್ದ! ಆದರೂ 62ರವರೆಗೆ ಕಾಯಬೇಕಾಯ್ತು. 2025ರಲ್ಲಿ ಮಾಂಟ್ರಿಯಲ್‌ಗೆ 66 ಪಾಯಿಂಟ್ಸ್ ಗಳಿಸಿ ಕಾಲ್ಡರ್ ತಗೊಂಡ. ಇಂಥ ಹುಡುಗರನ್ನು ಹಿಡಿದು ಹೊಡೆಯೋಕೆ ಮೊದಲು ಅವರು ಕೈಗೆ ಸಿಗಬೇಕಲ್ಲ.

ಪ್ರಶ್ನೆ: ಕೋಚ್ ನನ್ನ ಮಗನಿಗೆ ಐಸ್ ಟೈಮ್ ಕೊಡ್ತಿಲ್ಲ. ಪಂದ್ಯ ಮುಗಿದ ಕೂಡಲೇ ಹೋಗಿ ಮಾತಾಡಲಾ?
ಬ್ರಾಂಪ್ಟನ್

ಬೇಡ. 24 ಗಂಟೆ ಬಿಡಿ. ಎಷ್ಟೋ ತಂಡಗಳಲ್ಲಿ ಈ ನಿಯಮ ಇದ್ದೇ ಇದೆ. ಮಾರನೇ ದಿನ ನಿಮ್ಮ ಬದಲು ಮಗನೇ ಹೋಗಿ "ನಾನು ಏನು ಸರಿ ಮಾಡ್ಕೋಬೇಕು?" ಅಂತ ಕೇಳಲಿ.

ಪ್ರಶ್ನೆ: ನಮ್ಮವರು ಯಾರಾದರೂ ಎನ್‌ಎಚ್‌ಎಲ್ ಮುಟ್ಟಿದ್ದಾರಾ?
ಹುಬ್ಬಳ್ಳಿ

ಕನ್ನಡಿಗರು ಅಂತ ಕೇಳಿದರೆ ಇನ್ನೂ ಕಾಯಬೇಕು. ಭಾರತ ಮೂಲದವರು ಇದ್ದಾರೆ. ಬ್ರಿಟಿಷ್ ಕೊಲಂಬಿಯಾದ ರಾಬಿನ್ ಬಾವಾ ಮೊದಲಿಗರು, 1989ರಲ್ಲಿ ವಾಷಿಂಗ್ಟನ್‌ಗೆ ಆಡಿದರು. ಮ್ಯಾನಿ ಮಲ್ಹೋತ್ರಾ 1998ರ ಡ್ರಾಫ್ಟ್‌ನಲ್ಲಿ ಏಳನೆಯವರು. ಆಮೇಲೆ ಜುಝಾರ್ ಖೈರಾ, ಈಗ ಅರ್ಶದೀಪ್ ಬೈನ್ಸ್. ಎಲ್ಲರೂ ಫಾರ್ವರ್ಡ್‌ಗಳೇ ನೋಡಿ! ನನ್ನ ಬಾಗಿಲಿನ ಕಡೆಯವರು ಯಾರೂ ಇಲ್ಲ. ಮಿಲ್ಟನ್‌ನ ಆ ತಂದೆ ಇದನ್ನು ಓದ್ತಿದ್ದರೆ ಒತ್ತಡ ಅಂತ ತಿಳ್ಕೋಬಾರದು.

ಪ್ರಶ್ನೆ: ನಾನು ಮೈಸೂರಿನ ಅಜ್ಜಿ. ಮೊಮ್ಮಗ ಕ್ಯಾಲ್ಗರಿಯಲ್ಲಿದ್ದಾನೆ, ಡಿಫೆನ್ಸ್ ಆಡ್ತಾನೆ. ಡಬ್ಲ್ಯುಎಚ್‌ಎಲ್ (ಪಶ್ಚಿಮದ ಮೇಜರ್ ಜೂನಿಯರ್ ಲೀಗ್) ತಂಡ ಆರಿಸಿದೆಯಂತೆ, 16ಕ್ಕೆ ಬೇರೆ ಊರಲ್ಲಿ ಯಾರದೋ ಮನೆಯಲ್ಲಿ ಇರಬೇಕಂತೆ. ಹೌದೇನಮ್ಮಾ? ಊಟದ ಗತಿ ಏನು?

ಹೌದಮ್ಮಾ. ಅಂಥ ಮನೆಗೆ ಇಲ್ಲಿ ಬಿಲೆಟ್ ಅಂತಾರೆ. ತಂಡವೇ ಮನೆ ಹುಡುಕಿ, ಅವರ ಪೂರ್ವಾಪರ ವಿಚಾರಿಸಿ, ತಿಂಗಳಿಗೆ ಇಷ್ಟು ಅಂತ ಖರ್ಚಿಗೆ ಕೊಡುತ್ತೆ. ಹೆಚ್ಚಿನವರು ವರ್ಷಾನುಗಟ್ಟಲೆ ಹುಡುಗರನ್ನು ಇಟ್ಟುಕೊಂಡು ಪಳಗಿದವರು. ಸ್ಕೂಲು ತಪ್ಪಿಸೋ ಹಾಗಿಲ್ಲ, ರಾತ್ರಿ ಇಷ್ಟು ಗಂಟೆಗೆ ಮನೆ ಸೇರಬೇಕು ಅಂತ ಕಟ್ಟುನಿಟ್ಟು ಇರುತ್ತೆ. ಆಡಿದ ಒಂದೊಂದು ಸೀಸನ್‌ಗೆ ಒಂದೊಂದು ವರ್ಷದ ಕಾಲೇಜು ಫೀಸು ಲೀಗ್ ಕಡೆಯಿಂದ ಸಿಗುತ್ತೆ. ಇದರ ಷರತ್ತುಗಳನ್ನು ಮಗ ಸೊಸೆ ಸಹಿಗೆ ಮುಂಚೆ ಓದಲಿ, ಎಷ್ಟು ದಿನದೊಳಗೆ ಬಳಸಬೇಕು ಅನ್ನೋದನ್ನಂತೂ ತಪ್ಪದೆ ನೋಡಲಿ.

ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಆ ಲೀಗ್ ಮ್ಯಾನಿಟೋಬಾದ ಬ್ರಾಂಡನ್‌ನಿಂದ ಪಶ್ಚಿಮ ಕರಾವಳಿಯ ವಿಕ್ಟೋರಿಯಾವರೆಗೆ ಹರಡಿದೆ. ರಾತ್ರಿಯಿಡೀ ಬಸ್ಸು. ಆಟ ಕಂಡ ಅತಿ ದೊಡ್ಡ ಡಿಫೆನ್ಸ್‌ಮನ್ ಬಾಬಿ ಓರ್ 14ನೇ ವಯಸ್ಸಿಗೇ ಒಶಾವಾ ತಂಡಕ್ಕೆ ಆಡಿದ. ಆದರೆ ಮೊದಲ ವರ್ಷ ಪ್ಯಾರಿ ಸೌಂಡ್‌ನ ಮನೆಯಲ್ಲೇ ಇದ್ದು ಪಂದ್ಯಕ್ಕಷ್ಟೇ ಹೋಗಿಬರ್ತಿದ್ದ. ನಿಮ್ಮ ಮೊಮ್ಮಗನಿಗೂ ಇನ್ನೊಂದು ವರ್ಷ ಮನೆಯಲ್ಲೇ ಇದ್ದು ಆಡಬೇಕು ಅನ್ನಿಸಿದರೆ ಇರಲಿ. ಡಿಫೆನ್ಸ್‌ನವನಿಗೆ ಒಂದು ವರ್ಷ ತಡವಾದರೆ ನಷ್ಟ ಕಮ್ಮಿ.

ಊಟ: ಸಸ್ಯಾಹಾರಿಯಾದರೆ ಬಿಲೆಟ್ ಮನೆಯವರಿಗೆ ಮೊದಲೇ ಬರೆದು ತಿಳಿಸಿ. ಅವರು ಪಾಸ್ತಾ, ಚೀಸ್, ಬೀನ್ಸ್ ಮಾಡಿಕೊಡ್ತಾರೆ. ಬೇಳೆ ಸಾರು, ಅನ್ನ, ಮೊಟ್ಟೆ ತಿಂದರೆ ಒಂದು ಆಮ್ಲೆಟ್ಟು, ಇಷ್ಟನ್ನ ಹುಡುಗ ತಾನೇ ಮಾಡಿಕೊಳ್ಳುವ ಹಾಗೆ ಈ ರಜೆಯಲ್ಲಿ ವಿಡಿಯೊ ಕಾಲ್‌ನಲ್ಲಿ ನೀವೇ ಕಲಿಸಿ. ಸಾರಿನ ಪುಡಿ ಜಾಸ್ತಿಯೇ ಕಳಿಸಿ. ಜೊತೆಯ ಹುಡುಗರು ಖಾಲಿ ಮಾಡ್ತಾರೆ.

ಪ್ರಶ್ನೆ: ಧಾರವಾಡದವನು, ಸೇನೆಯಲ್ಲಿದ್ದೇನೆ, ಈಗ ಲೇಹ್‌ನಲ್ಲಿ. ಚಳಿಗಾಲದಲ್ಲಿ ಇಲ್ಲಿನ ಹುಡುಗಿಯರು ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡ್ತಾರೆ. ಡಿಫೆನ್ಸ್ ಆಡೋರಿಗೆ ಒಂದೇ ಒಂದು ಅಭ್ಯಾಸ ಹೇಳಿಕೊಡಿ ಅಂದರೆ ಯಾವುದು ಹೇಳ್ತೀರಿ? ಸಾಮಾನು ಕಮ್ಮಿ ಇದೆ.

ಅದೇ ಪ್ರದೇಶದ ಹುಡುಗಿಯರೇ ಹೆಚ್ಚಿರುವ ನಮ್ಮ ಮಹಿಳಾ ತಂಡ 2025ರಲ್ಲಿ ಅಲ್ ಐನ್‌ನ ಏಷ್ಯಾ ಕಪ್‌ನಲ್ಲಿ ಕಂಚು ತಂದಿತಲ್ಲ, ನೀವು ನೋಡ್ತಿರುವವರಲ್ಲಿ ಮುಂದಿನ ತಂಡದವರೂ ಇರಬಹುದು.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ. ಒಬ್ಬಳ ಹತ್ತಿರ ಪಕ್. ಡಿಫೆನ್ಸ್‌ನವಳು ತನ್ನ ಸ್ಟಿಕ್ಕನ್ನು ತಲೆಕೆಳಗು ಮಾಡಿ ಹಿಡಿಯಲಿ, ಬ್ಲೇಡ್ ಮೇಲೆ, ಹಿಡಿ ಕೆಳಗೆ. ಈಗ ಪಕ್ಕನ್ನು ಚುಚ್ಚಿ ಕಿತ್ತುಕೊಳ್ಳುವ ಆಸೆಗೆ ದಾರಿ ಇಲ್ಲ. ಬರೀ ಕಾಲು ಮತ್ತು ಮೈಯಿಂದಲೇ ಎದುರಿನವಳನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಬೇಕು. ಕಣ್ಣು ಅವಳ ಎದೆಯ ಮೇಲೆ ಇರಲಿ. ಪಕ್ ಅತ್ತಿತ್ತ ಆಡಿ ಮೋಸ ಮಾಡುತ್ತೆ, ಎದೆ ಹೋಗುವ ಕಡೆಗೇ ಆಳೂ ಹೋಗೋದು. ಮೊದಲು ನಿಧಾನವಾಗಿ, ಎಡಕ್ಕೆ ಒಂದು ಸರದಿ, ಬಲಕ್ಕೆ ಒಂದು ಸರದಿ. ಯಾವ ಕಡೆ ತಿರುಗುವಾಗ ತಡವರಿಸ್ತಾಳೋ ಆ ಕಡೆ ಎರಡು ಪಟ್ಟು ಮಾಡಿಸಿ. ಬೋರ್ಡ್ ಇಲ್ಲದಿದ್ದರೆ ಹಿಮವನ್ನೇ ಗುಡಿಸಿ ಒಂದು ಅಂಚು ಕಟ್ಟಿ, ಆ ಅಂಚಿಗೆ ಎದುರಾಳಿಯನ್ನು ಮುಟ್ಟಿಸಿದರೆ ಡಿಫೆನ್ಸ್‌ನವಳು ಗೆದ್ದ ಹಾಗೆ. ಕೆರೆಯ ಐಸ್ ಎಲ್ಲಿ ಗಟ್ಟಿ, ಎಲ್ಲಿ ತೆಳು ಅಂತ ಅಲ್ಲಿನ ಹಿರಿಯರನ್ನು ಕೇಳಿಕೊಂಡೇ ಇಳಿಸಿ. ಮುಖಕ್ಕೆ ಕೇಜ್ ಇಲ್ಲದವರಿಗೆ ಪಕ್ ಎತ್ತಿ ಹೊಡೆಯುವ ಆಟ ಬೇಡ.